ಲೋಟದ ನೀರಿನಲ್ಲಿ ಫೈಟರ್ ಮೀನು ಬದುಕೀತು, ಚೆನ್ನಾಗಿದ್ದೀತೇ?

ಯಾವ ಊರಿನ ಅಕ್ವೇರಿಯಂ ಅಂಗಡಿಗೆ ಹೋದರೂ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಲೋಟಗಳ ಸಾಲು ಇದ್ದೇ ಇರುತ್ತದೆ. ಒಂದೊಂದು ಲೋಟದಲ್ಲಿ ಒಂದೊಂದೇ ಮೀನು. ಕಡುನೀಲಿ, ಕುಂಕುಮಕೆಂಪು, ಹಳದಿ, ಬಿಳಿಯ ಮೇಲೆ ಕಪ್ಪು ಮಚ್ಚೆ. ಲೋಟಗಳ ನಡುವೆ ರಟ್ಟಿನ ತುಂಡುಗಳು. ಗಿರಾಕಿ ಬಂದು ಬೆಲೆ ಕೇಳಿದರೆ ಅಂಗಡಿಯವರು ಮೊದಲು ಮಾಡುವ ಕೆಲಸವೆಂದರೆ ಆ ರಟ್ಟನ್ನು ಮೇಲಕ್ಕೆತ್ತುವುದು. ಪಕ್ಕದ ಮೀನು ಕಣ್ಣಿಗೆ ಬಿದ್ದದ್ದೇ ತಡ, ಅಲ್ಲಿಯವರೆಗೆ ತಳದಲ್ಲಿ ಸುಮ್ಮನಿದ್ದ ಮೀನು ರೆಕ್ಕೆಗಳನ್ನೆಲ್ಲ ಬಿಚ್ಚಿ, ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಮೈ ಬಣ್ಣವನ್ನು ಇನ್ನಷ್ಟು ಗಾಢ ಮಾಡಿಕೊಂಡು ಎದುರು ನಿಲ್ಲುತ್ತದೆ. ವ್ಯಾಪಾರ ಅಲ್ಲಿಗೆ ಮುಗಿದಂತೆಯೇ. ‘ಇದಕ್ಕೆ ಮೋಟಾರ್ ಬೇಡ, ಟ್ಯಾಂಕೂ ಬೇಡ, ಒಂದು ಬೌಲ್ ಸಾಕು’ ಎಂಬ ಮಾತಿನೊಂದಿಗೆ ಮೀನು ಕವರಿನಲ್ಲಿ ಮನೆಗೆ ಹೊರಡುತ್ತದೆ.

ಕನ್ನಡಿಗರು ‘ಫೈಟರ್’ ಎಂದೇ ಕರೆಯುವ ಈ ಮೀನಿನ ಶಾಸ್ತ್ರೀಯ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಅಂಗಡಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಬೇರೆ ಮೀನುಗಳು ಗಂಟೆಗಳಲ್ಲಿ ಸಾಯುವಂಥ ನೀರಿನಲ್ಲಿ ಇದು ತಿಂಗಳುಗಟ್ಟಲೆ ಉಸಿರಾಡಿಕೊಂಡಿರಬಲ್ಲದು. ಆ ಶಕ್ತಿಯೇ ಅದಕ್ಕೆ ಮುಳುವಾಗಿದೆ. ಸಾಯುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಖವಾಗಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಮೀನು ನಿಜವಾಗಿ ಹೇಗಿದೆ ಎಂದು ತಿಳಿಯಬೇಕಾದರೆ ಅದು ಬಂದ ನೆಲವನ್ನೂ ಅದರ ವರ್ತನೆಯನ್ನೂ ನೋಡಬೇಕು. ಈ ಎರಡರ ಬಗ್ಗೆಯೂ ವಿಜ್ಞಾನಿಗಳು ಬಹಳಷ್ಟು ತಿಳಿದುಕೊಂಡಿದ್ದಾರೆ.

ಗದ್ದೆ ನೀರಿನ ಮೀನು

ಬೆಟ್ಟಾದ ತವರು ಥಾಯ್ಲೆಂಡ್. ಚಾವೊ ಫ್ರಾಯಾ ನದಿಯ ಬಯಲಿನ ಭತ್ತದ ಗದ್ದೆಗಳು, ಜೌಗು, ಹುಲ್ಲು ತುಂಬಿದ ಕಾಲುವೆಗಳು ಅದರ ಸಹಜ ನೆಲೆ. ಅಲ್ಲಿನ ನೀರು ಬೆಚ್ಚಗಿರುತ್ತದೆ, ಹೆಚ್ಚು ಹರಿಯುವುದಿಲ್ಲ, ಕೆಲವೆಡೆ ಕೆಲವೇ ಸೆಂಟಿಮೀಟರ್ ಆಳವಿರುತ್ತದೆ. ಬೇಸಿಗೆಯಲ್ಲಿ ನೀರು ಇಂಗಿ ಗುಂಡಿಗಳಲ್ಲಷ್ಟೇ ಉಳಿಯುತ್ತದೆ, ಮಳೆ ಬಂದರೆ ಬಯಲೆಲ್ಲ ಒಂದಾಗುತ್ತದೆ. ‘ಕೆಸರುಗುಂಡಿಯಲ್ಲಿ ಬದುಕುವ ಮೀನು, ಬೌಲ್ ಅದಕ್ಕೆ ಅರಮನೆ’ ಎಂಬ ವಾದ ಹುಟ್ಟಿದ್ದು ಈ ಬೇಸಿಗೆಯ ಗುಂಡಿಗಳಿಂದ. ಆದರೆ ಗುಂಡಿ ಅದರ ವರ್ಷದ ಅತಿ ಕಷ್ಟದ ಕಾಲ. ಉಳಿದ ದಿನಗಳಲ್ಲಿ ಅದರ ಸುತ್ತ ಇರುವುದು ಆಳವಿಲ್ಲದಿದ್ದರೂ ಅಗಲವಾಗಿ ಹರಡಿದ, ಗಿಡಗಂಟಿ ತುಂಬಿದ ನೀರು. ಒಂದು ಗಂಡಿಗೆ ಇನ್ನೊಂದು ಗಂಡು ಎದುರಾದರೆ ಸೋತದ್ದು ಓಡಿಹೋಗಲು ಅಲ್ಲಿ ಜಾಗವಿದೆ.

ಅಲ್ಲಿನ ಕಾಡುಬೆಟ್ಟಾವನ್ನು ಅಂಗಡಿಯ ಮೀನಿನ ಪಕ್ಕದಲ್ಲಿಟ್ಟರೆ ಒಂದೇ ಜಾತಿ ಎಂದು ನಂಬುವುದು ಕಷ್ಟ. ಮಾಸಲು ಕಂದು ಮೈ, ಅಲ್ಲಲ್ಲಿ ಹಸಿರು ನೀಲಿ ಹೊಳಪು, ಚಿಕ್ಕ ರೆಕ್ಕೆಗಳು. ಥಾಯ್ ಜನ ಈ ಮೀನುಗಳನ್ನು ಹಿಡಿದು ಪಂದ್ಯಕ್ಕಾಗಿ ಬೆಳೆಸಿದರು. 1840ರಲ್ಲಿ ಸಯಾಮಿನ (ಈಗಿನ ಥಾಯ್ಲೆಂಡಿನ) ದೊರೆಯಿಂದ ಬಂದ ಕೆಲವು ಮೀನುಗಳು ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದ ಡೆನ್ಮಾರ್ಕ್ ಮೂಲದ ಥಿಯೋಡೋರ್ ಕ್ಯಾಂಟರ್ ಕೈಸೇರಿದವು. ಅವನು 1849ರಲ್ಲಿ ಅವುಗಳ ಬಗ್ಗೆ ಬರೆದ. 1910ರಲ್ಲಿ ಬ್ರಿಟಿಷ್ ಮೀನುತಜ್ಞ ಚಾರ್ಲ್ಸ್ ಟೇಟ್ ರೀಗನ್ ಅದಕ್ಕೆ ಈಗಿನ ಹೆಸರಿಟ್ಟ. ಸಾಕಣೆ ಮಾತ್ರ ಇದಕ್ಕಿಂತ ಎಷ್ಟೋ ಹಳೆಯದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನದ ಪ್ರಕಾರ ಮನುಷ್ಯ ಬೆಟ್ಟಾವನ್ನು ಪಳಗಿಸತೊಡಗಿ ಕನಿಷ್ಠ 1,000 ವರ್ಷಗಳಾಗಿವೆ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಅದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

ಮೇಲೆ ಬಂದು ಎಳೆಯುವ ಉಸಿರು

ಬೆಟ್ಟಾದ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಲ್ಯಾಬಿರಿಂತ್ ಎಂಬ ಅಂಗವಿದೆ. ಸೀರೆಯ ನೆರಿಗೆಗಳಂತೆ ಮಡಿಕೆ ಮಡಿಕೆಯಾದ ತೆಳು ಮೂಳೆಯ ಮೇಲೆ ರಕ್ತನಾಳಗಳು ತುಂಬಿದ ಪೊರೆ ಹಾಸಿಕೊಂಡಿರುತ್ತದೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕು ಗಾಳಿ ಎಳೆದುಕೊಂಡಾಗ ಅದು ಈ ಮಡಿಕೆಗಳಲ್ಲಿ ನಿಲ್ಲುತ್ತದೆ, ಆಮ್ಲಜನಕ ನೇರ ರಕ್ತಕ್ಕೆ ಸೇರುತ್ತದೆ. ಹಳೆಯ ಗಾಳಿ ಸಣ್ಣ ಗುಳ್ಳೆಯಾಗಿ ಕಿವಿರಿನ ಸಂದಿಯಿಂದ ಹೊರಬರುತ್ತದೆ. ಟ್ಯಾಂಕಿನ ಮುಂದೆ ಹತ್ತು ನಿಮಿಷ ಕುಳಿತವರಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ. ಅವಸರವಿಲ್ಲದೆ ಮೇಲೇರುವುದು, ಮೂತಿ ಮಾತ್ರ ನೀರಿನಾಚೆ ಚಾಚುವುದು, ಕ್ಷಣಾರ್ಧದಲ್ಲಿ ಕೆಳಗಿಳಿಯುವುದು.

ಮರಿಗಳಿಗೆ ಹುಟ್ಟುವಾಗ ಈ ಅಂಗ ಇರುವುದಿಲ್ಲ. ಕೆಲವು ವಾರಗಳವರೆಗೆ ಅವು ಕಿವಿರಿನಿಂದಲೇ ಉಸಿರಾಡುತ್ತವೆ. ಲ್ಯಾಬಿರಿಂತ್ ಬೆಳೆದ ಮೇಲೆ ದೊಡ್ಡ ಮೀನಿಗೆ ಮೇಲ್ಮೈಯ ಗಾಳಿ ಬೇಕೇ ಬೇಕು. ಆದ್ದರಿಂದ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಗಾಳಿಯಾಡದಂತೆ ಮುಚ್ಚುವುದು ಅಪಾಯ. ಗಾಳಿಗೆ ಕಿಂಡಿಗಳಿರುವ ಮುಚ್ಚಳ ಮಾತ್ರ ಇರಬೇಕು. ಈ ಮೀನು ನೆಗೆಯುವುದರಲ್ಲಿ ನಿಪುಣ, ಮುಚ್ಚಳವಿಲ್ಲದ ಟ್ಯಾಂಕಿನಿಂದ ಹಾರಿ ನೆಲದ ಮೇಲೆ ಒಣಗಿ ಸತ್ತ ಬೆಟ್ಟಾಗಳು ಲೆಕ್ಕವಿಲ್ಲದಷ್ಟು.

ಗಾಳಿ ಕುಡಿಯುವ ಮೀನಿಗೆ ನೀರು ಹೇಗಿದ್ದರೂ ನಡೆಯುತ್ತದೆ ಎಂಬ ತಪ್ಪು ತಿಳಿವಳಿಕೆ ಇಲ್ಲಿಂದಲೇ ಶುರುವಾಗುತ್ತದೆ. ಲ್ಯಾಬಿರಿಂತ್ ಆಮ್ಲಜನಕದ ಕೊರತೆಯನ್ನು ನೀಗಬಲ್ಲದು. ನೀರಿನಲ್ಲಿ ಕರಗಿದ ಅಮೋನಿಯಾ ಕಿವಿರನ್ನೂ ಚರ್ಮವನ್ನೂ ಸುಡುವುದನ್ನು ಅದು ತಡೆಯಲಾರದು.

ಕಿವಿರು ಅರಳಿದಾಗ

ಅಂಗಡಿಯಲ್ಲಿ ರಟ್ಟು ಎತ್ತಿದಾಗ ಕಾಣುವ ಆ ಭಂಗಿ ಕೋಪವೋ ಗರ್ವವೋ ಎಂದು ನೋಡುವವರು ಊಹಿಸುತ್ತಾರೆ. ಪ್ರಾಣಿವರ್ತನೆಯ ಅಧ್ಯಯನಕಾರರಿಗೆ ಅದು ಒಂದು ಸಂದೇಶ. ಮೈಕ್ ಸಿಂಪ್ಸನ್ 1968ರಲ್ಲಿ ಬೆಟ್ಟಾದ ಪ್ರದರ್ಶನಗಳನ್ನು ಹಂತ ಹಂತವಾಗಿ ದಾಖಲಿಸಿದ. ಎದುರಾಳಿಗೆ ಮುಖಾಮುಖಿ ನಿಂತು ಕಿವಿರು ಅರಳಿಸುವುದು, ಗಂಟಲ ಕೆಳಗಿನ ಗಡ್ಡದಂಥ ಕಪ್ಪು ಪೊರೆಯನ್ನು ಇಳಿಬಿಡುವುದು, ಆಮೇಲೆ ಪಕ್ಕಕ್ಕೆ ತಿರುಗಿ ಮೈಯ ಉದ್ದಗಲ ತೋರಿಸುವುದು, ಬಾಲ ಬೀಸಿ ನೀರಿನ ಅಲೆಯನ್ನು ಎದುರಾಳಿಯ ಮೇಲೆ ತಳ್ಳುವುದು. ಎರಡೂ ಮೀನುಗಳು ಸರದಿಯಂತೆ ಇದನ್ನು ಮಾಡುತ್ತವೆ. ಒಂದು ಸೋಲೊಪ್ಪಿ ರೆಕ್ಕೆ ಮಡಚಿ ಹಿಂದೆ ಸರಿದರೆ ಕಚ್ಚಾಟದವರೆಗೆ ಹೋಗುವುದಿಲ್ಲ.

ಕಿವಿರು ಅರಳಿಸಿ ನಿಲ್ಲುವುದು ಪುಕ್ಕಟೆ ಕೆಲಸವಲ್ಲ. ಮುಚ್ಚಳಗಳು ಅಗಲವಾಗಿ ತೆರೆದೇ ಇದ್ದರೆ ಕಿವಿರಿನ ಮೇಲೆ ನೀರು ಸರಿಯಾಗಿ ಹರಿಯುವುದಿಲ್ಲ, ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದಾಗ ಬೆಟ್ಟಾಗಳು ಕಿವಿರು ಅರಳಿಸಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ ಎಂದು 2005ರ ಒಂದು ಅಧ್ಯಯನ ತೋರಿಸಿತು. ಉಸಿರು ಕಟ್ಟಿಕೊಂಡು ಹೆಚ್ಚು ಹೊತ್ತು ನಿಲ್ಲಬಲ್ಲ ಮೀನು ನಿಜವಾಗಿಯೂ ಗಟ್ಟಿ. ಹಾಗಾಗಿ ಈ ಪ್ರದರ್ಶನ ಸುಳ್ಳು ಹೇಳಲಾಗದ ಸಂದೇಶ. ಜಗಳದ ನಡುವೆಯೂ ಉಸಿರಿನ ನಿಯಮ ತಪ್ಪುವುದಿಲ್ಲ. ಜಪಾನಿನ ಸಂಶೋಧಕರು ಕಾದಾಡುವ ಜೋಡಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದಂತೆ, ಬಾಯಿಗೆ ಬಾಯಿ ಕಚ್ಚಿ ಹಿಡಿದ ಮೀನುಗಳು ನಡುನಡುವೆ ಬಿಟ್ಟು ಗಾಳಿಗಾಗಿ ಮೇಲೆ ಬರುತ್ತವೆ, ಹೊಡೆತ ಮತ್ತು ಉಸಿರಿನ ಲಯ ಎರಡರಲ್ಲೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ದೀರ್ಘ ಜಗಳದ ನಂತರ ಅವುಗಳ ಮಿದುಳಿನ ವಂಶವಾಹಿಗಳ ಚಟುವಟಿಕೆಯಲ್ಲೂ ಹೋಲಿಕೆ ಕಂಡುಬಂತು.

ಇಷ್ಟೇ ಅಲ್ಲ, ಬೆಟ್ಟಾ ಬೇರೆಯವರ ಜಗಳವನ್ನೂ ನೋಡಿ ನೆನಪಿಟ್ಟುಕೊಳ್ಳುತ್ತದೆ. ಪೋರ್ಚುಗಲ್‌ನ ರುಯ್ ಒಲಿವೇರಾ ಮತ್ತು ಸಂಗಡಿಗರು 1998ರಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧ. ಒಂದು ಗಂಡು ಬೆಟ್ಟಾಗೆ ಪಕ್ಕದಲ್ಲಿ ಎರಡು ಗಂಡುಗಳು ಕಾದಾಡುವುದನ್ನು ನೋಡಲು ಬಿಟ್ಟರು. ಆಮೇಲೆ ಆ ಎರಡನ್ನೂ ಒಂದೊಂದಾಗಿ ಅದರ ಮುಂದೆ ತಂದರು. ಗೆದ್ದ ಮೀನಿನ ಹತ್ತಿರ ಹೋಗಲು ಅದು ಹಿಂಜರಿಯಿತು, ಸೋತದ್ದರ ಹತ್ತಿರ ಬೇಗ ಹೋಯಿತು. ತಾನು ನೋಡಿರದ ಜಗಳದ ಗೆದ್ದವರು ಸೋತವರ ನಡುವೆ ಅದು ಈ ಭೇದ ಮಾಡಲಿಲ್ಲ. ಇದೇ ಬಳಗದ ಮುಂದಿನ ಪ್ರಯೋಗಗಳಲ್ಲಿ, ಹೆಣ್ಣು ಮೀನು ನೋಡುತ್ತಿದ್ದಾಗ ಗಂಡುಗಳು ಕಚ್ಚುವುದನ್ನು ಕಡಿಮೆ ಮಾಡಿ ರೆಕ್ಕೆ, ಬಾಲಗಳ ಪ್ರದರ್ಶನವನ್ನು ಹೆಚ್ಚಿಸಿದವು.

ಎದುರಾಳಿಯನ್ನು ಕಾಣುವ ಹಂಬಲ ಈ ಮೀನಿಗೆ ಎಷ್ಟಿದೆ ಎಂಬುದಕ್ಕೆ 1963ರಲ್ಲಿ ಟ್ರಾವಿಸ್ ಥಾಂಪ್ಸನ್ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಯೋಗ ಸಾಕ್ಷಿ. ಕನ್ನಡಿಯಲ್ಲಿ ತನ್ನ ಬಿಂಬ ನೋಡುವುದಷ್ಟೇ ಬಹುಮಾನ. ಅಷ್ಟಕ್ಕಾಗಿ ಬೆಟ್ಟಾಗಳು ಬಳೆಯಂಥ ಉಂಗುರದೊಳಗೆ ತೂರಿ ಈಜುವುದನ್ನು ಕಲಿತವು.

ಇದರಿಂದ ಸಾಕುವವರಿಗೆ ತಿಳಿಯಬೇಕಾದದ್ದು ಎರಡು. ಮೊದಲನೆಯದು, ಸುತ್ತಲಿನದನ್ನು ಗಮನಿಸಿ ತೀರ್ಮಾನ ತೆಗೆದುಕೊಳ್ಳುವ ಪ್ರಾಣಿ ಇದು. ಬರಿಗಾಜಿನ ನಡುವೆ ನೋಡಲು ಏನೂ ಇಲ್ಲದಂತೆ ಇಡುವುದು ಅದರ ಸ್ವಭಾವಕ್ಕೆ ವಿರುದ್ಧ. ಎರಡನೆಯದು, ಕಿವಿರು ಅರಳಿಸುವುದು ದಣಿವಿನ ಕೆಲಸ. ಒಂದೆರಡು ನಿಮಿಷ ಕನ್ನಡಿ ತೋರಿಸಿ ತೆಗೆದರೆ ಮೀನಿಗೆ ವ್ಯಾಯಾಮವಾದೀತು. ಎರಡು ಗಂಡುಗಳ ಬೌಲ್‌ಗಳನ್ನು ಶೋಕೇಸಿನಲ್ಲಿ ಅಕ್ಕಪಕ್ಕ ಇಟ್ಟರೆ ಮಾತ್ರ ಎದುರಾಳಿ ಎಂದೂ ಸರಿದುಹೋಗುವುದಿಲ್ಲ, ಗೆಲುವೂ ಇಲ್ಲ, ಸೋಲೂ ಇಲ್ಲ, ವಿಶ್ರಾಂತಿಯೂ ಇಲ್ಲ. ಅಂಗಡಿಯ ಆ ರಟ್ಟಿನ ತುಂಡು ಮೀನಿನ ಪಾಲಿಗೆ ದೊಡ್ಡ ಉಪಕಾರ.

ಗೂಡು ಕಟ್ಟುವ ಅಪ್ಪ

ಕಾದಾಟದ ಹೆಸರು ಹೊತ್ತ ಈ ಗಂಡೇ ಮರಿಗಳ ಪಾಲಕ. ಎಲೆಯ ಕೆಳಗೋ ಮೂಲೆಯಲ್ಲೋ ಜಾಗ ಹಿಡಿದು, ಗಾಳಿ ಎಳೆದು, ಬಾಯಿಯ ಲೋಳೆಯಲ್ಲಿ ಸುತ್ತಿ, ಒಂದೊಂದೇ ಗುಳ್ಳೆಯನ್ನು ಮೇಲ್ಮೈಗೆ ಅಂಟಿಸುತ್ತದೆ. ಗುಳ್ಳೆಗಳು ಒತ್ತಾಗಿ ಸೇರಿ ನೊರೆಯ ಗೂಡಾಗುತ್ತವೆ. ಹೆಣ್ಣು ಒಪ್ಪಿದರೆ ಗಂಡು ಅದರ ಮೈಯನ್ನು ಸುತ್ತಿಕೊಳ್ಳುತ್ತದೆ. ಉದುರುವ ಮೊಟ್ಟೆಗಳು ತಳ ಸೇರುವ ಮುಂಚೆ ಗಂಡು ಬಾಯಲ್ಲಿ ಹಿಡಿದು ತಂದು ಗುಳ್ಳೆಗಳ ನಡುವೆ ಕೂರಿಸುತ್ತದೆ. ಕೆಲಸ ಮುಗಿದ ಮೇಲೆ ಹೆಣ್ಣನ್ನು ಅಟ್ಟಿಬಿಡುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆಯುತ್ತವೆ. ಗೂಡಿಗೆ ಬಾಲ ಕೆಳಗಾಗಿ ನೇತಾಡುವ ಮರಿ ಜಾರಿ ಬಿದ್ದರೆ ಅಪ್ಪ ಅದನ್ನೂ ಬಾಯಲ್ಲಿ ತಂದು ಮೇಲೇರಿಸುತ್ತದೆ. ಇನ್ನೆರಡು ಮೂರು ದಿನಗಳಲ್ಲಿ ಮರಿಗಳು ಸ್ವಂತ ಈಜುತ್ತವೆ, ಅಪ್ಪನ ಜವಾಬ್ದಾರಿ ಮುಗಿಯುತ್ತದೆ.

ಹೆಣ್ಣಿಲ್ಲದ ಟ್ಯಾಂಕಿನಲ್ಲೂ ಗಂಡು ನೊರೆ ಕಟ್ಟುತ್ತದೆ. ‘ಗೂಡು ಕಟ್ಟಿದೆ, ಖುಷಿಯಾಗಿದೆ’ ಎಂದು ಸಾಕುವವರು ಸಂಭ್ರಮಿಸುವುದುಂಟು. ಗೂಡು ಹೇಳುವುದು ಇಷ್ಟೇ: ಮೀನು ಬೆಳೆದಿದೆ, ಸಂತಾನಕ್ಕೆ ಸಿದ್ಧವಾಗಿದೆ. ಕೊಳಕು ನೀರಿನ ಸಣ್ಣ ಲೋಟದಲ್ಲೂ ಗೂಡು ಕಟ್ಟುವ ಗಂಡುಗಳಿವೆ, ಒಳ್ಳೆಯ ಟ್ಯಾಂಕಿನಲ್ಲಿ ಎಂದೂ ಕಟ್ಟದವೂ ಇವೆ. ಆದ್ದರಿಂದ ನೊರೆಯನ್ನು ಕ್ಷೇಮದ ಪ್ರಮಾಣಪತ್ರ ಎಂದುಕೊಳ್ಳುವಂತಿಲ್ಲ. ಮನೆಯಲ್ಲಿ ಕುತೂಹಲಕ್ಕೆಂದು ಗಂಡು ಹೆಣ್ಣನ್ನು ಒಂದೇ ಬೌಲಿಗೆ ಬಿಡುವುದಂತೂ ಬೇಡ. ಹೆಣ್ಣು ಸಿದ್ಧವಿಲ್ಲದಿದ್ದರೆ, ಅಡಗಲು ಜಾಗವಿಲ್ಲದಿದ್ದರೆ, ಗಂಡು ಅದನ್ನು ಕಚ್ಚಿ ಕೊಲ್ಲಬಹುದು.

ಜಾಗ ಎಷ್ಟು ಬೇಕು?

ಬೆಲ್ಜಿಯಂನ ಪಶುವೈದ್ಯ ಸಂಶೋಧಕಿಯರಾದ ಕಾರ್ಲೈನ್ ಪ್ಲೀಗಿಂಗ್ ಮತ್ತು ಕ್ರಿಸ್ಟೆಲ್ ಮೂನ್ಸ್ 2017ರಲ್ಲಿ ಅಂಗಡಿ ಮತ್ತು ಮನೆಗಳಲ್ಲಿ ಬೆಟ್ಟಾಗಳ ಕ್ಷೇಮದ ಬಗ್ಗೆ ಆವರೆಗಿನ ತಿಳಿವಳಿಕೆಯನ್ನು ಒಟ್ಟುಗೂಡಿಸಿ ಬರೆದರು. ಪಾತ್ರೆಯ ಗಾತ್ರ, ನೀರಿನ ಗುಣ, ಬಿಸಿ, ಬೇರೆ ಮೀನುಗಳ ಸಹವಾಸ, ಬರಿದಾದ ಪರಿಸರ ಇವೆಲ್ಲ ತೊಂದರೆಯ ಮೂಲಗಳೆಂದು ಅವರು ಗುರುತಿಸಿದರು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ರೊನಾಲ್ಡ್ ಓಲ್ಡ್‌ಫೀಲ್ಡ್ ಮತ್ತು ಸಹಲೇಖಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿತ್ತು. ಬೇರೆ ಬೇರೆ ಗಾತ್ರದ ಪಾತ್ರೆಗಳಲ್ಲಿ ಬೆಟ್ಟಾಗಳನ್ನಿಟ್ಟು ಅವು ಏನು ಮಾಡುತ್ತವೆ ಎಂದು ನೋಡಿದರು. ಸಣ್ಣ ಜಾಡಿಗಳಲ್ಲಿ ಮೀನುಗಳ ಈಜಾಟ ಕುಗ್ಗಿತ್ತು. ಹೆಚ್ಚು ನೀರು ಸಿಕ್ಕಾಗ ಅವು ಹೆಚ್ಚು ಈಜಿದವು.

‘ಸೋಮಾರಿ ಮೀನು, ನಿಂತಲ್ಲೇ ನಿಂತಿರುತ್ತದೆ’ ಎಂಬ ಮಾತು ಬೆಟ್ಟಾದ ಬಗ್ಗೆ ಸಾಮಾನ್ಯ. ನಿಂತಿರುವುದಕ್ಕೆ ಬೌಲ್ ಕಾರಣವೇ ಎಂದು ಕೇಳಿಕೊಂಡವರು ಕಡಿಮೆ. ಅನುಭವಿ ಸಾಕಣೆಗಾರರು ಒಂದು ಬೆಟ್ಟಾಗೆ 20 ಲೀಟರಿನಷ್ಟು ನೀರು ಇರಲಿ ಎನ್ನುತ್ತಾರೆ. ಎತ್ತರದ ಹೂಜಿಗಿಂತ ಉದ್ದಗಲವಿರುವ ತೊಟ್ಟಿ ಒಳ್ಳೆಯದು, ಏಕೆಂದರೆ ಉದ್ದ ರೆಕ್ಕೆಯ ಮೀನು ಪದೇ ಪದೇ ಗಾಳಿಗಾಗಿ ಮೇಲೇರಬೇಕು. ಒಳಗೆ ಗಿಡಗಳಿರಬೇಕು, ನುಸುಳಲು ಸಂದಿಗಳಿರಬೇಕು. ಮೇಲ್ಮೈಯ ಹತ್ತಿರ ಅಗಲ ಎಲೆಯೊಂದಿದ್ದರೆ ಬೆಟ್ಟಾ ಅದರ ಮೇಲೆ ಮೈ ಚೆಲ್ಲಿ ಮಲಗುತ್ತದೆ. ಮೊದಲ ಸಲ ನೋಡಿದವರು ಮೀನು ಸತ್ತಿತೆಂದು ಗಾಬರಿಯಾಗುವುದುಂಟು. ಚೂಪು ಅಂಚಿನ ಪ್ಲಾಸ್ಟಿಕ್ ಗಿಡಗಳು ರೆಕ್ಕೆ ಹರಿಯುತ್ತವೆ, ರೇಷ್ಮೆ ಬಟ್ಟೆಯ ಗಿಡ ಅಥವಾ ಜೀವಂತ ಗಿಡ ಸೂಕ್ತ.

ಜೊತೆಗೆ ಯಾರಿರಬೇಕು? ಇನ್ನೊಂದು ಗಂಡು ಬೆಟ್ಟಾ ಕೂಡದು. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್‌ನಂಥ ಮೀನುಗಳೂ, ಬಣ್ಣದ ಬಾಲದ ಗಪ್ಪಿಯೂ ಸರಿಹೊಂದುವುದಿಲ್ಲ. ಹಲವು ಹೆಣ್ಣುಗಳನ್ನು ಒಟ್ಟಿಗೆ ಸಾಕುವ ಪದ್ಧತಿಯೂ ಸುರಕ್ಷಿತವೆಂದು ಹೇಳಲಾಗದು. ಪಂದ್ಯದ ತಳಿಗಳಲ್ಲಿ ಗೆಲ್ಲುವ ಗಂಡುಗಳನ್ನಷ್ಟೇ ಆರಿಸುತ್ತ ಬಂದರೂ ಅವುಗಳ ಹೆಣ್ಣುಗಳು ಕಾಡುಮೀನಿನ ಹೆಣ್ಣುಗಳಿಗಿಂತ ಹೆಚ್ಚು ಜಗಳಗಂಟಿಗಳಾಗಿವೆ ಎಂದು 2019ರ ಒಂದು ಅಧ್ಯಯನ ಕಂಡುಕೊಂಡಿದೆ. ಒಂಟಿಯಾಗಿರುವುದು ಬೆಟ್ಟಾಗೆ ಶಿಕ್ಷೆಯಲ್ಲ.

ನೀರು, ಬಿಸಿ, ಊಟ

ಮೀನಿನ ತ್ಯಾಜ್ಯ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲೂ ತಳದ ಕಲ್ಲುಗಳಲ್ಲೂ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಈ ವ್ಯವಸ್ಥೆ ಕೂಡಿಬರಲು ನಾಲ್ಕರಿಂದ ಆರು ವಾರ ಬೇಕು. ಬೌಲ್‌ನಲ್ಲಿ ಅದು ನೆಲೆಗೊಳ್ಳುವುದೇ ಕಷ್ಟ. ಎರಡು ದಿನಕ್ಕೊಮ್ಮೆ ಬೌಲ್ ಖಾಲಿ ಮಾಡಿ, ಕಲ್ಲುಗಳನ್ನು ಸೋಪು ಹಾಕಿ ತಿಕ್ಕಿ, ಹೊಸ ನೀರು ತುಂಬುವ ಶುಚಿತ್ವ ಮೀನಿಗೆ ಪ್ರತಿ ಸಲ ಹೊಸ ಆಘಾತ. ಸಣ್ಣ ಸ್ಪಾಂಜ್ ಫಿಲ್ಟರನ್ನು ಮೆಲ್ಲಗೆ ಓಡಿಸಿ, ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರು ಬದಲಿಸಿದರೆ ಸಾಕು. ರಭಸದ ಮೋಟಾರ್ ಬೇಡ, ನಿಂತ ನೀರಿನ ಮೀನಿಗೆ ಅದರ ಸೆಳೆತದ ವಿರುದ್ಧ ಈಜುವುದೇ ದಿನವಿಡೀ ಕೆಲಸವಾಗುತ್ತದೆ.

ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಂಗಡಿಗಳಲ್ಲಿ ಸಿಗುವ ಆಂಟಿಕ್ಲೋರಿನ್ ಹನಿಗಳನ್ನು ಹಾಕಿಯೇ ಬಳಸಬೇಕು. ಬೋರ್‌ವೆಲ್ ನೀರಿಗೆ ಬೇರೆ ಸಮಸ್ಯೆ, ಎಷ್ಟೋ ಕಡೆ ಅದು ಕ್ಷಾರೀಯ. ಕ್ಷಾರೀಯ ನೀರಿನಲ್ಲಿ ಅಮೋನಿಯಾ ಇನ್ನಷ್ಟು ವಿಷಕಾರಿ, ಹಾಗಾಗಿ ಅಲ್ಲಿ ಆಹಾರ ಅಳತೆ ಮೀರುವಂತಿಲ್ಲ.

ಬೆಟ್ಟಾಗೆ ಹಿತವಾದ ಬಿಸಿ 24ರಿಂದ 28 ಡಿಗ್ರಿ ಸೆಲ್ಸಿಯಸ್. ಮೀನಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಉಷ್ಣಾಂಶ 16 ಡಿಗ್ರಿಯ ಹತ್ತಿರ ಇಳಿದಾಗ ಸಣ್ಣ ಬೌಲಿನ ನೀರು ಬೇಗ ತಣ್ಣಗಾಗುತ್ತದೆ. ಮೀನು ತಿನ್ನುವುದನ್ನು ಬಿಟ್ಟು ತಳ ಹಿಡಿಯುತ್ತದೆ, ರೋಗಗಳು ಮುತ್ತುತ್ತವೆ. ಬೆಂಗಳೂರು, ಮೈಸೂರು, ಮಡಿಕೇರಿಯಂಥ ಊರುಗಳಲ್ಲಿ ಥರ್ಮೋಸ್ಟಾಟ್ ಇರುವ ಸಣ್ಣ ಹೀಟರ್ ಅಲಂಕಾರದ ವಸ್ತುವಲ್ಲ. ಮಂಗಳೂರಿನಲ್ಲಿ ಅದರ ಅಗತ್ಯ ಕಡಿಮೆ. ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಚಿಂತೆ ತಿರುಗಮುರುಗ: ಟ್ಯಾಂಕನ್ನು ಕಿಟಕಿಯಿಂದ ದೂರ, ಮನೆಯ ತಂಪು ಕೋಣೆಯಲ್ಲಿಡಬೇಕು.

ಕಾಡುಬಾದಾಮಿ ಮರದ ಒಣಗಿದ ಎಲೆಯನ್ನು ಥಾಯ್ ಸಾಕಣೆಗಾರರು ಬೆಟ್ಟಾದ ನೀರಿಗೆ ಹಾಕುತ್ತಾರೆ. ಎಲೆಯ ಒಗರು ನೀರಿಗೆ ಇಳಿದು ಚಹಾದ ಬಣ್ಣ ಬರುತ್ತದೆ, ನೀರು ತುಸು ಆಮ್ಲೀಯವಾಗುತ್ತದೆ, ಬೆಳಕು ಮಂದವಾಗಿ ಮೀನು ನಿರಾಳವಾಗುತ್ತದೆ. ಈ ಮರ ಕರಾವಳಿಯಲ್ಲೂ ಬೆಂಗಳೂರಿನ ಬೀದಿಗಳಲ್ಲೂ ಹೇರಳ. ವಾಹನಗಳ ಹೊಗೆ ತಾಕದ, ಔಷಧಿ ಸಿಂಪಡಿಸದ ಕಡೆ ತಾನಾಗಿ ಉದುರಿದ ಎಲೆಯನ್ನು ತೊಳೆದು ಒಣಗಿಸಿ ಬಳಸಬಹುದು. ಎಲೆಗೆ ಪವಾಡದ ಗುಣವೇನಿಲ್ಲ, ಕೊಳಕು ನೀರನ್ನು ಅದು ಶುದ್ಧ ಮಾಡುವುದಿಲ್ಲ.

ಊಟದ ವಿಷಯದಲ್ಲಿ ಬೆಟ್ಟಾ ಮಾಂಸಾಹಾರಿ. ಗದ್ದೆಯಲ್ಲಿ ಅದು ತಿನ್ನುವುದು ಸೊಳ್ಳೆಯ ಮರಿಹುಳು, ನೀರಿಗೆ ಬಿದ್ದ ಕೀಟ, ಸಣ್ಣ ಜಲಜೀವಿಗಳನ್ನು. ಅನ್ನದ ಅಗುಳು, ಬ್ರೆಡ್ ಚೂರು ಅದಕ್ಕೆ ಆಹಾರವಲ್ಲ. ಹೂಕುಂಡದ ಬೇರು ತಿಂದು ಬದುಕುತ್ತದೆ ಎಂದು ಹೂದಾನಿಯಲ್ಲಿ ಸಾಕಿದ ಮೀನುಗಳು ಹಸಿವಿನಿಂದ ಸತ್ತಿವೆ. ಪ್ರೋಟೀನ್ ಹೆಚ್ಚಿರುವ ಸಣ್ಣ ಪೆಲೆಟ್‌ಗಳನ್ನು ಬೆಳಿಗ್ಗೆ ಎರಡು ಮೂರು, ಸಂಜೆ ಎರಡು ಮೂರು ಹಾಕಿದರೆ ಸಾಕು. ನಡುನಡುವೆ ಫ್ರೋಜನ್ ಬ್ಲಡ್‌ವರ್ಮ್ ಅಥವಾ ಡಾಫ್ನಿಯಾ ಕೊಡಬಹುದು. ಮನೆ ಬೆಟ್ಟಾಗಳು ಹಸಿವಿಗಿಂತ ಅತಿಯಾದ ಊಟದಿಂದ ಹೊಟ್ಟೆಯುಬ್ಬಿ ನರಳುವುದೇ ಹೆಚ್ಚು.

ಸೊಬಗಿನ ಬೆಲೆ

ಪಂದ್ಯದ ಮೀನಿನಿಂದ ಅಲಂಕಾರದ ಮೀನು ಹುಟ್ಟಿದ್ದು ತಳಿಗಾರರ ಕೈಚಳಕ. ಜೋಲುವ ವೇಲ್‌ಟೇಲ್, ಬಿಚ್ಚಿದರೆ 180 ಡಿಗ್ರಿ ಹರಡುವ ಹಾಫ್‌ಮೂನ್, 1990ರ ದಶಕದ ಕೊನೆಯಲ್ಲಿ ಇಂಡೊನೇಷ್ಯಾದಲ್ಲಿ ರೂಪುಗೊಂಡ ಕಿರೀಟದಂಚಿನ ಕ್ರೌನ್‌ಟೇಲ್, ದಪ್ಪ ಹೊಳಪಿನ ಹುರುಪೆಗಳ ಡ್ರ್ಯಾಗನ್. 2016ರಲ್ಲಿ ಥಾಯ್ ಧ್ವಜದ ಮೂರೂ ಬಣ್ಣಗಳಿದ್ದ ಒಂದು ಮೀನು ಆನ್‌ಲೈನ್ ಹರಾಜಿನಲ್ಲಿ 53,500 ಬಾತ್‌ಗೆ ಮಾರಾಟವಾಯಿತು.

ಈ ಸೊಬಗಿನ ಬೆಲೆ ತೆರುವುದು ಮೀನು. ಮೈಗಿಂತ ದೊಡ್ಡ ರೆಕ್ಕೆಗಳನ್ನು ಎಳೆದುಕೊಂಡು ಈಜುವ ಹಾಫ್‌ಮೂನ್ ಬೇಗ ದಣಿಯುತ್ತದೆ. ಎಷ್ಟೋ ಮೀನುಗಳು ತಮ್ಮ ಬಾಲವನ್ನು ತಾವೇ ಕಚ್ಚಿಕೊಳ್ಳುತ್ತವೆ. ಬೆಳಿಗ್ಗೆ ನೋಡಿದರೆ ಬಾಲದ ಅಂಚಿನಲ್ಲಿ ಅರ್ಧಚಂದ್ರಾಕಾರದ ತುಂಡು ಮಾಯವಾಗಿರುತ್ತದೆ. ಡ್ರ್ಯಾಗನ್ ತಳಿಗಳಲ್ಲಿ ಹುರುಪೆಯ ಪದರ ಕಣ್ಣಿನ ಮೇಲೂ ಬೆಳೆದು ಕುರುಡಾಗಿಸುವುದುಂಟು. ಮೊದಲ ಸಲ ಸಾಕುವವರಿಗೆ ಚಿಕ್ಕ ರೆಕ್ಕೆಯ ಪ್ಲಕಾಟ್ ತಳಿ ಒಳ್ಳೆಯ ಆಯ್ಕೆ. ಅದು ಚುರುಕಾಗಿ ಈಜುತ್ತದೆ, ರೆಕ್ಕೆಯ ರೋಗಗಳೂ ಕಡಿಮೆ.

ಮೀನು ಕೊಡುವ ಸೂಚನೆಗಳು

ಚೆನ್ನಾಗಿರುವ ಬೆಟ್ಟಾ ಟ್ಯಾಂಕಿನ ಎಲ್ಲ ಭಾಗಗಳಲ್ಲೂ ಸುತ್ತಾಡುತ್ತದೆ, ಗಿಡಗಳ ನಡುವೆ ಇಣುಕುತ್ತದೆ, ಹೊಸ ವಸ್ತು ಇಟ್ಟರೆ ಬಂದು ಪರೀಕ್ಷಿಸುತ್ತದೆ. ತೊಂದರೆಯಲ್ಲಿರುವ ಮೀನು ರೆಕ್ಕೆಗಳನ್ನು ಮೈಗೆ ಒತ್ತಿ ಮಡಚಿಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಮೈಯುದ್ದಕ್ಕೂ ಅಡ್ಡ ಗೆರೆಗಳು ಮೂಡಿದರೆ ಅದು ಹೆದರಿಕೆ ಅಥವಾ ಶರಣಾಗತಿ. ಹೆಣ್ಣಿನ ಮೈಮೇಲೆ ಮೇಲಿನಿಂದ ಕೆಳಕ್ಕೆ ಪಟ್ಟಿಗಳು ಕಂಡರೆ ಅರ್ಥ ಬೇರೆ, ಅದು ಕೂಡಲು ಸಿದ್ಧವಾಗಿರುವ ಗುರುತು. ಗಾಜಿಗೆ ಮೂತಿಯಿಟ್ಟು ಒಂದೇ ದಾರಿಯಲ್ಲಿ ಮೇಲೆ ಕೆಳಗೆ ಓಡುತ್ತಲೇ ಇದ್ದರೆ ಜಾಗ, ನೀರು ಅಥವಾ ಗಾಜಿನ ಪ್ರತಿಬಿಂಬ ಇವುಗಳಲ್ಲಿ ಒಂದು ಅದನ್ನು ಕಾಡುತ್ತಿದೆ.

ಗಾಳಿಗೆ ಬರುವ ಲಯವನ್ನೂ ಗಮನಿಸಬೇಕು. ಸದಾ ಮೇಲ್ಮೈಯಲ್ಲೇ ನಿಂತು ಗಾಳಿ ಗುಟುಕರಿಸುತ್ತಿದ್ದರೆ ಕಿವಿರು ಕೆಟ್ಟಿರಬಹುದು, ಅಮೋನಿಯಾ ಏರಿರಬಹುದು. ಟಾರ್ಚ್ ಬೆಳಕಿನಲ್ಲಿ ಮೈಮೇಲೆ ಚಿನ್ನದ ಪುಡಿಯಂಥ ಧೂಳು ಕಂಡರೆ ವೆಲ್ವೆಟ್ ಎಂಬ ಪರಾವಲಂಬಿ ರೋಗ. ರೆಕ್ಕೆಯ ಅಂಚು ಕರಗಿ ಕಪ್ಪಾಗುತ್ತಿದ್ದರೆ ಫಿನ್ ರಾಟ್. ಹೊಟ್ಟೆ ಉಬ್ಬಿ ಹುರುಪೆಗಳೆಲ್ಲ ನಿಮಿರಿ ನಿಂತರೆ ಒಳಗಿನ ಅಂಗಗಳು ಸೋತಿವೆ ಎಂದರ್ಥ, ಆ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ಯಾವ ಲಕ್ಷಣ ಕಂಡರೂ ಔಷಧಿ ಬಾಟಲಿಗೆ ಕೈಹಾಕುವ ಮೊದಲು ನೀರಿನ ಅಮೋನಿಯಾ ಮತ್ತು ಬಿಸಿಯನ್ನು ಅಳೆಯಬೇಕು. ಬಹುಪಾಲು ಕಾಯಿಲೆಗಳ ಬೇರು ಅಲ್ಲಿದೆ. ಸರಿಯಾದ ಆರೈಕೆಯಲ್ಲಿ ಬೆಟ್ಟಾ ಎರಡರಿಂದ ನಾಲ್ಕು ವರ್ಷ ಬಾಳುತ್ತದೆ.

ಅಂಗಡಿಯಲ್ಲಿ ಕೇಳಬೇಕಾದದ್ದು

ಥಾಯ್ಲೆಂಡಿನ ನಖೊನ್ ಪಥೋಮ್ ಪ್ರಾಂತ್ಯದ ಸಾಕಣೆ ಕೇಂದ್ರಗಳಲ್ಲಿ ಬಾಟಲಿಗೊಂದರಂತೆ ಬೆಟ್ಟಾಗಳನ್ನು ಸಾಲಾಗಿ ಬೆಳೆಸುತ್ತಾರೆ. ನಮ್ಮ ನೆರೆಯಲ್ಲಿ ಚೆನ್ನೈನ ಕೊಳತ್ತೂರು ಬಣ್ಣದ ಮೀನುಗಳ ದೊಡ್ಡ ಕೇಂದ್ರ. ಗಂಡುಗಳನ್ನು ಬೇರೆ ಬೇರೆ ಇಡಲೇಬೇಕಾದ್ದರಿಂದ ವ್ಯಾಪಾರದ ಸರಪಳಿಯಲ್ಲಿ ಸಣ್ಣ ಪಾತ್ರೆ ಅನಿವಾರ್ಯವಾಗಿಬಿಟ್ಟಿದೆ. ಸಾಗಣೆಯ ಕೆಲವು ದಿನಗಳ ಮಟ್ಟಿಗೆ ಮೀನು ಅದನ್ನು ತಾಳಿಕೊಳ್ಳುತ್ತದೆ. ಅದೇ ಲೋಟ ತಿಂಗಳುಗಟ್ಟಲೆ ಮನೆಯಾಗಬಾರದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳೂ ಪ್ರಾಣಿಗಳೇ, ಮೀನೂ ಅದರಲ್ಲಿ ಸೇರಿದೆ. ಚಲಿಸಲು ತಕ್ಕಷ್ಟು ಅವಕಾಶವಿಲ್ಲದ ಪಾತ್ರೆಯಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಕ್ರೌರ್ಯ. ಮನರಂಜನೆಗಾಗಿ ಪ್ರಾಣಿಗಳನ್ನು ಜಗಳಕ್ಕೆ ಹಚ್ಚುವುದೂ ಅದೇ ಸೆಕ್ಷನ್ನಿನಲ್ಲಿ ಅಪರಾಧ. ಎರಡು ಫೈಟರ್‌ಗಳನ್ನು ಒಂದೇ ಲೋಟಕ್ಕೆ ಬಿಟ್ಟು ವಿಡಿಯೊ ಮಾಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಸಾಕಲಾಗದ ಮೀನನ್ನು ಕೆರೆಗೋ ಗದ್ದೆಗೋ ಬಿಡುವುದು ಕರುಣೆಯಂತೆ ತೋರಬಹುದು. ಆಸ್ಟ್ರೇಲಿಯಾದ ಡಾರ್ವಿನ್ ನಗರದ ಬಳಿ ಅಡಿಲೇಡ್ ನದಿಯ ಬಯಲಿನಲ್ಲಿ ಹೊರಗಿನಿಂದ ಬಂದ ಬೆಟ್ಟಾಗಳು ನೆಲೆಯೂರಿ ಹೆಚ್ಚಿವೆ, ಅಲ್ಲಿನ ಸ್ಥಳೀಯ ಜೀವಿಗಳಿಗೆ ಅವು ಅಪಾಯವೆಂದು ವಿಜ್ಞಾನಿಗಳು 2019ರಲ್ಲಿ ಎಚ್ಚರಿಸಿದರು. ಕರ್ನಾಟಕದ ಬೆಚ್ಚನೆಯ ಕೆರೆ, ಗದ್ದೆಗಳೂ ಈ ಮೀನಿಗೆ ಹೊಸತೆನಿಸಲಾರವು. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬೇಕು, ಇಲ್ಲವೇ ಸಾಕಬಲ್ಲವರಿಗೆ ಕೊಡಬೇಕು.

ಕೊಳ್ಳುವ ಮನಸ್ಸಿದ್ದವರು ಮೊದಲು ಟ್ಯಾಂಕ್ ತಂದು, ನೀರು ತುಂಬಿ, ಫಿಲ್ಟರ್ ಓಡಿಸಿ, ಅಲ್ಲಿ ಬ್ಯಾಕ್ಟೀರಿಯಾ ನೆಲೆಸಿದ ಮೇಲೆ ಮೀನು ಹುಡುಕಲು ಹೊರಡಬೇಕು. ಅಂಗಡಿಯಲ್ಲಿ ರಟ್ಟು ಎತ್ತಿಸುವ ಬದಲು ಒಂದು ಪೆಲೆಟ್ ಹಾಕಿಸಿ ನೋಡಿದರೆ ಮೀನಿನ ಆರೋಗ್ಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೀನು ಬಂದು ಎಷ್ಟು ದಿನವಾಯಿತು, ಏನು ತಿನ್ನುತ್ತಿದೆ, ಲೋಟದ ನೀರನ್ನು ಯಾವಾಗ ಬದಲಿಸಿದ್ದು ಎಂದು ಕೇಳಬೇಕು. ಗಿರಾಕಿಗಳು ಇವನ್ನೆಲ್ಲ ಕೇಳತೊಡಗಿದರೆ ಅಂಗಡಿಯ ಆ ಮೂಲೆಯೂ ಸುಧಾರಿಸುತ್ತದೆ. ಮನೆಗೆ ತಂದ ಕವರನ್ನು ಕಾಲು ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟು, ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಬಲೆಯಿಂದ ಮೀನನ್ನಷ್ಟೇ ಒಳಗೆ ಬಿಡಬೇಕು. ಆ ದಿನ ದೀಪ ಬೇಡ, ಊಟವೂ ಬೇಡ. ಮೊದಲ ಕೆಲವು ದಿನ ಅದು ಅಡಗಿಕೊಂಡರೆ ಸಹಜ. ಊಟದ ಹೊತ್ತಿಗೆ ತಾನಾಗಿ ಮುಂದಿನ ಗಾಜಿನ ಬಳಿ ಬರತೊಡಗಿದ ಮೇಲೆ ಹೊಸ ಗಿಡ, ಬಸವನಹುಳುವಿನಂಥ ನಿರುಪದ್ರವಿ ಜೊತೆಗಾರ, ಒಂದೆರಡು ನಿಮಿಷದ ಕನ್ನಡಿ ಇವುಗಳನ್ನು ಒಂದೊಂದಾಗಿ ಸೇರಿಸಬಹುದು.